ಅಂಗೈ ಹುಣ್ಣಿಗೆ ಕನ್ನಡಿ ಹಿಡಿದವರು

ಪ್ರಶ್ನೆ: ನನಗೆ 29 ವರ್ಷ, ಚಿತ್ರಕಲೆಯೇ ಕಸುಬು. ಆರು ವರ್ಷಗಳ ಸಂಬಂಧವೊಂದು ಎಂಟು ತಿಂಗಳ ಹಿಂದೆ ಮುರಿದುಬಿತ್ತು. ಅಂದಿನಿಂದ ನನ್ನ ಮುಖವನ್ನು ಬಿಟ್ಟು ಬೇರೇನು ಬರೆಯಲು ಕುಳಿತರೂ ಕೈ ಓಡುವುದಿಲ್ಲ. ಹದಿನೇಳು ಸ್ವ-ಭಾವಚಿತ್ರಗಳಾಗಿವೆ. ಗೆಳತಿಯರು ‘ಗಾಯ ಕೆರೆದುಕೊಳ್ಳುತ್ತಿದ್ದೀಯ, ಸಾಕು ಮಾಡು’ ಎನ್ನುತ್ತಾರೆ. ನಾನು ಗೌರವಿಸುವ ಹಿರಿಯ ಕಲಾವಿದರೊಬ್ಬರು ಮಾತ್ರ ‘ನಿನ್ನ ಈವರೆಗಿನ ಕೆಲಸದಲ್ಲಿ ಇದೇ ಶ್ರೇಷ್ಠ, ಈ ನೋವನ್ನು ಬೇಗ ಆರಲು ಬಿಡಬೇಡ’ ಎಂದರು. ಆ ಮಾತು ಕೇಳಿದ ಮೇಲೆ ಹೊಸ ಭಯ ಹುಟ್ಟಿದೆ: ನಾನು ಚೇತರಿಸಿಕೊಂಡರೆ ಚಿತ್ರವೂ ಕೈಬಿಡುತ್ತದೆಯೇ? ಗ್ಯಾಲರಿಯೊಂದು ಈ ಚಿತ್ರಗಳನ್ನು, ನನ್ನ ಆ ಹಳೆಯ ಸಂಗಾತಿ ನನಗೆ ಬರೆದಿದ್ದ ಪತ್ರಗಳ ಸಾಲುಗಳ ಜೊತೆಗೆ, ಪ್ರದರ್ಶಿಸಲು ಕೇಳುತ್ತಿದೆ. ಒಪ್ಪಬೇಕೋ ಬೇಡವೋ ತಿಳಿಯುತ್ತಿಲ್ಲ. ಕಳೆದ ತಿಂಗಳು ಒಂದು ರಾತ್ರಿ ಹದಿನೇಳನೆಯ ಚಿತ್ರದ ಮುಖವನ್ನು ಚಾಕುವಿನಿಂದ ಕೆರೆದುಹಾಕಿದೆ.

(ಹೆಸರು ಪ್ರಕಟಿಸುವುದು ಬೇಡ ಎಂದಿದ್ದಾರೆ)

ಉತ್ತರ: ಚಾಕುವಿನಿಂದಲೇ ಆರಂಭಿಸುತ್ತೇನೆ. ಪತ್ರದ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಅದನ್ನು ಹೇಳಿ ನಿಲ್ಲಿಸಿಬಿಟ್ಟಿದ್ದೀರಿ, ಅದರ ಬಗ್ಗೆ ಏನನ್ನೂ ಕೇಳಿಲ್ಲ. ನಾನು ಮೂವತ್ತು ವರ್ಷಗಳಿಂದ ಭಾವಚಿತ್ರ ಕಲಿಸುತ್ತಿದ್ದೇನೆ. ಅದರಲ್ಲಿ ಹನ್ನೆರಡು ವರ್ಷ ಮನಶ್ಶಾಸ್ತ್ರಜ್ಞರೊಬ್ಬರ ಜೊತೆಗೂಡಿ, ಚಿತ್ರ ಬರೆಯುತ್ತ ಚೇತರಿಸಿಕೊಳ್ಳಲು ಬಂದವರ ನಡುವೆ ಕುಳಿತಿದ್ದೇನೆ. ಜನ ತಮ್ಮನ್ನು ಅತಿ ಹೆಚ್ಚು ಹೆದರಿಸಿದ ಸಂಗತಿಯನ್ನು ಹೀಗೆಯೇ, ಬಾಗಿಲು ದಾಟುವ ಹೊತ್ತಿಗೆ ಹೇಳಿ ಹೊರಟುಬಿಡುತ್ತಾರೆ.

ನೀವು ಮಾಡಿದ್ದನ್ನು ನಿಮಗಿಂತ ಮೊದಲು ಮಾಡಿದವರಿದ್ದಾರೆ. ನಾರ್ವೆಯ ಎಡ್ವರ್ಡ್ ಮುಂಕ್ ಟುಲ್ಲಾ ಲಾರ್ಸನ್ ಎಂಬುವಳನ್ನು ಪ್ರೀತಿಸಿದ್ದ. ಆದರೆ ಮದುವೆಯ ಮಾತು ಬಂದಾಗಲೆಲ್ಲ ಹಿಂಜರಿಯುತ್ತಿದ್ದ. 1902ರಲ್ಲಿ ಅವರ ಕೊನೆಯ ಜಗಳದ ನಡುವೆ ಪಿಸ್ತೂಲು ಹಾರಿ ಅವನ ಎಡಗೈಯ ನಡುಬೆರಳಿಗೆ ಗಾಯವಾಯಿತು. ಸುಮಾರು ಮೂರು ವರ್ಷಗಳ ನಂತರ ತಮ್ಮಿಬ್ಬರನ್ನೂ ಒಂದೇ ಕ್ಯಾನ್ವಾಸಿನಲ್ಲಿ ಬರೆದ. ಬರೆದು, ಆ ಕ್ಯಾನ್ವಾಸನ್ನೇ ನಡುವೆ ಕೊಯ್ದು ಎರಡು ತುಂಡು ಮಾಡಿದ. ತುಂಡುಗಳೆರಡೂ ಇಂದಿಗೂ ಉಳಿದಿವೆ. ಫಿನ್ಲೆಂಡಿನ ಹೆಲೆನೆ ಶೆರ್ಫ್‌ಬೆಕ್‌ಳ ಕಥೆ ನಿಮ್ಮದಕ್ಕೆ ಇನ್ನೂ ಹತ್ತಿರದ್ದು. ತನಗಿಂತ ಹತ್ತೊಂಬತ್ತು ವರ್ಷ ಚಿಕ್ಕವನಾದ ಐನಾರ್ ರಾಯ್ಟರ್ ಎಂಬ ಗೆಳೆಯನ ಮೇಲೆ ಅವಳು ಮನಸ್ಸಿಟ್ಟಿದ್ದಳು. 1919ರಲ್ಲಿ ಅವನಿಗೆ ಬೇರೊಬ್ಬಳ ಜೊತೆ ಮದುವೆ ನಿಶ್ಚಯವಾಯಿತು. ಆಗ ಶೆರ್ಫ್‌ಬೆಕ್‌ಳಿಗೆ ಐವತ್ತೇಳು ವರ್ಷ. 1921ರ ಅವಳ ಸ್ವ-ಭಾವಚಿತ್ರವೊಂದು ಅಪೂರ್ಣವಾಗಿಯೇ ಉಳಿದಿದೆ. ಅದರಲ್ಲಿ ಮುಖದ ಮೇಲೆಯೇ ಕೆರೆದ ಗುರುತುಗಳಿವೆ.

ಇಲ್ಲಿ ಒಂದು ಎಚ್ಚರ ಬೇಕು. ಆ ಗುರುತುಗಳನ್ನು ನೋಡಿದವರೆಲ್ಲ ‘ಸಿಟ್ಟು’ ಎಂದುಬಿಡುತ್ತಾರೆ. ಸಿಟ್ಟು ಇದ್ದಿರಬಹುದು. ಆದರೆ ಬಣ್ಣ ಹಚ್ಚುವುದು, ಕೆರೆಯುವುದು, ಉಜ್ಜುವುದು, ಮತ್ತೆ ಹಚ್ಚುವುದು ಅವಳ ದಿನನಿತ್ಯದ ಕೆಲಸದ ರೀತಿಯೂ ಆಗಿತ್ತು. ಕೆಲವು ಚಿತ್ರಗಳಲ್ಲಿ ಬಟ್ಟೆಯ ನೇಯ್ಗೆ ಕಾಣಿಸುವಷ್ಟು ಕೆರೆದಿದ್ದಾಳೆ. ಒಂದೇ ಕೈಚಲನೆ ಒಂದು ದಿನ ಕಸುಬಾಗಿರುತ್ತದೆ, ಮರುದಿನ ಸಂಕಟವಾಗಿರುತ್ತದೆ, ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ. ನಿಮ್ಮ ಹದಿನೇಳನೆಯ ಚಿತ್ರ ಯಾವ ಬಗೆಯದೆಂದು ಪತ್ರ ಓದಿ ನಾನು ಹೇಳಲಾರೆ. ಆ ರಾತ್ರಿ ಕೈ ಏನು ಹುಡುಕುತ್ತಿತ್ತು ಎಂಬುದು ನಿಮಗೆ ಮಾತ್ರ ಗೊತ್ತು.

ಆದ್ದರಿಂದ ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಚಾಕು ಕ್ಯಾನ್ವಾಸಿನ ಮೇಲೆ ಮಾತ್ರ ಇತ್ತೇ? ಚಿತ್ರದ ಮುಖಕ್ಕೆ ಬದಲಾಗಿ ನಿಮ್ಮನ್ನೇ ನೋಯಿಸಿಕೊಳ್ಳುವ ಯೋಚನೆ ಆ ರಾತ್ರಿ ಬಂದಿತ್ತೇ, ಅಥವಾ ಈಗಲೂ ಬರುತ್ತಿದೆಯೇ? ವಾರಗಟ್ಟಲೆ ನಿದ್ದೆ ಕೆಟ್ಟಿದೆಯೇ, ಊಟ ಸೇರುತ್ತಿಲ್ಲವೇ, ಬದುಕು ಬೇಡವೆನ್ನಿಸುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರವಿದ್ದರೂ ಈ ಲೇಖನದ ಉಳಿದ ಭಾಗವನ್ನು ಆಮೇಲೆ ಓದಿ. ಇಂದೇ ನಂಬಿಕೆಯ ಒಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡು ಮನೋವೈದ್ಯರನ್ನು ಕಾಣಿ. ಚಿತ್ರಕಲೆ ಆ ಕೆಲಸಕ್ಕೆ ಸಾಲದು. ಇದನ್ನು ಚಿತ್ರಕಲೆಯನ್ನೇ ನಂಬಿ ಬದುಕಿದವನಾಗಿ ಹೇಳುತ್ತಿದ್ದೇನೆ.

ಉತ್ತರ ‘ಇಲ್ಲ, ಚಿತ್ರದ ಮೇಲೆ ಮಾತ್ರ’ ಎಂದಾದರೆ ಗಾಬರಿ ಬೇಡ. ಮುಂದಿನ ವಿಷಯಕ್ಕೆ ಹೋಗೋಣ.

ನಿಮ್ಮ ಹಿರಿಯರ ಮಾತು ನನ್ನನ್ನು ಕೆರಳಿಸಿತು. ‘ನೋವನ್ನು ಆರಲು ಬಿಡಬೇಡ’ ಎನ್ನುವುದು ಕಲೆಯ ಬಗ್ಗೆ ಹೇಳುವ ಅತ್ಯಂತ ಹಳೆಯ, ಅತ್ಯಂತ ಸುಲಭದ ಮಾತು. ಹೇಳುವವರು ಏನನ್ನೂ ತೆರಬೇಕಿಲ್ಲ, ಕೇಳಿದವರು ತೆರುತ್ತ ಹೋಗಬೇಕು. ಇದಕ್ಕೆ ಸಾಕ್ಷಿಯಾಗಿ ಎಲ್ಲರೂ ಡಚ್ ಚಿತ್ರಕಾರ ವ್ಯಾನ್ ಗೋನನ್ನು ಎಳೆದು ತರುತ್ತಾರೆ. ಹಾಗಾದರೆ ಅವನ ಲೆಕ್ಕವನ್ನೇ ನೋಡೋಣ. ಅವನ ಹೃದಯ ಒಡೆದ ವರ್ಷಗಳು ಯಾವುವು? ಸೋದರ ಸಂಬಂಧಿ ಕೇ ವೋಸ್ ಅವನನ್ನು ಖಂಡತುಂಡವಾಗಿ ನಿರಾಕರಿಸಿದ್ದು 1881ರಲ್ಲಿ. ಸೀನ್ ಹೋರ್ನಿಕ್‌ಳ ಜೊತೆಗಿನ ಸಂಸಾರ ಮುರಿದದ್ದು 1883ರಲ್ಲಿ. ಅವನ ಮೂವತ್ತೈದರಷ್ಟು ಸ್ವ-ಭಾವಚಿತ್ರಗಳಲ್ಲಿ ಒಂದೂ ಆ ವರ್ಷಗಳದ್ದಲ್ಲ. ಅವು ಶುರುವಾಗುವುದು 1886ರಿಂದ. ಅವುಗಳಲ್ಲಿ ಬಹುಪಾಲು ಹುಟ್ಟಿದ್ದು ಪ್ಯಾರಿಸಿನಲ್ಲಿ, ಅದಕ್ಕೆ ಕಾರಣ ರೂಪದರ್ಶಿಗೆ ಕೊಡಲು ಅವನ ಬಳಿ ಹಣವಿರಲಿಲ್ಲ ಎಂಬುದು. ಬಣ್ಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಪರೀಕ್ಷಿಸಲು ಒಂದು ಮುಖ ಬೇಕಿತ್ತು, ಬಿಟ್ಟಿಯಾಗಿ ಸಿಗುವ ಮುಖ ತನ್ನದೊಂದೇ. ಕಿವಿಗೆ ಪಟ್ಟಿ ಕಟ್ಟಿಕೊಂಡ ಪ್ರಸಿದ್ಧ ಚಿತ್ರಗಳು 1889ರ ಜನವರಿಯವು, ಆಸ್ಪತ್ರೆಯಿಂದ ಹೊರಬಂದ ಮೇಲೆ ಬರೆದವು. ಕೊಯ್ದುಕೊಂಡದ್ದು ಎಡಗಿವಿ, ಚಿತ್ರದಲ್ಲಿ ಪಟ್ಟಿ ಇರುವುದು ಬಲಗಡೆ, ಏಕೆಂದರೆ ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆಯೇ ಬರೆದ. ಅಂದರೆ ಆ ಸ್ಥಿತಿಯಲ್ಲೂ ಕಣ್ಣು ತನ್ನ ಕೆಲಸವನ್ನು ಶಿಸ್ತಿನಿಂದ ಮಾಡುತ್ತಿತ್ತು.

ಮನಸ್ಸಿನ ಕಾಯಿಲೆ ಉಲ್ಬಣಿಸಿದ ವಾರಗಳಲ್ಲಿ ಅವನಿಗೆ ಸಾಮಾನ್ಯವಾಗಿ ಕೆಲಸ ಸಾಧ್ಯವಾಗುತ್ತಲೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬರೆದದ್ದೆಂದು ಗುರುತಿಸಲಾದ ಒಂದು ಸ್ವ-ಭಾವಚಿತ್ರ ಓಸ್ಲೋದಲ್ಲಿದೆ, 1889ರ ಆಗಸ್ಟ್ ಕೊನೆಯದ್ದು. ಅದು ಅವನದೇ ಹೌದೋ ಅಲ್ಲವೋ ಎಂಬ ಅನುಮಾನ ದಶಕಗಟ್ಟಲೆ ಇತ್ತು. 2020ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯ ಅವನದೇ ಎಂದು ದೃಢಪಡಿಸಿತು. ಮಂಕು ಹಸಿರು, ಬಾಗಿದ ತಲೆ, ಓರೆನೋಟ. ಮನಕಲಕುವ ಚಿತ್ರ. ಆದರೆ ಅದಾದ ಕೆಲವೇ ವಾರಗಳಲ್ಲಿ, ಚೇತರಿಸಿಕೊಂಡ ಮೇಲೆ, ನೀಲಿ ಸುಳಿಗಳ ಹಿನ್ನೆಲೆಯಲ್ಲಿ ಬರೆದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ. ಯಾವುದರಲ್ಲಿ ಚಿತ್ರಕಾರ ಹೆಚ್ಚು ಇದ್ದಾನೆಂದು ನನಗೆ ಸಂಶಯವೇ ಇಲ್ಲ.

ಮುಂಕ್ ತಾನೇ ಆತಂಕವಿಲ್ಲದೆ ತನ್ನ ಕಲೆಯಿಲ್ಲ ಎಂದು ನಂಬಿದ್ದವನು. ನಿಮ್ಮ ಭಯವೇ ಅವನದೂ ಆಗಿತ್ತು. 1908ರಲ್ಲಿ ಕುಸಿದುಬಿದ್ದು ಕೋಪನ್‌ಹೇಗನ್ನಿನ ಚಿಕಿತ್ಸಾಲಯವೊಂದರಲ್ಲಿ ತಿಂಗಳುಗಟ್ಟಲೆ ಇದ್ದ. ಅಲ್ಲೇ 1909ರಲ್ಲಿ ತನ್ನನ್ನು ಬರೆದುಕೊಂಡಿದ್ದಾನೆ: ಗಟ್ಟಿಯಾಗಿ ಕುಳಿತ ಮನುಷ್ಯ, ದಪ್ಪ ದಪ್ಪ ಬಣ್ಣದ ಗೀಟುಗಳು, ಬೆಳಕು. ಅಲ್ಲಿಂದಾಚೆ ಮೂವತ್ತೈದು ವರ್ಷ ಬದುಕಿ ಕೆಲಸ ಮಾಡಿದ. ಕೊನೆಯ ವರ್ಷಗಳಲ್ಲಿ ಗಡಿಯಾರಕ್ಕೂ ಮಂಚಕ್ಕೂ ನಡುವೆ ಕೈ ಇಳಿಬಿಟ್ಟು ನಿಂತ ಮುದುಕನಾಗಿ ತನ್ನನ್ನು ಚಿತ್ರಿಸಿದ. ಮುಂಕನ ಅತ್ಯುತ್ತಮ ಕೆಲಸವೆಲ್ಲ ಚಿಕಿತ್ಸೆಗೆ ಮೊದಲಿನದು ಎನ್ನುವ ವಿಮರ್ಶಕರಿದ್ದಾರೆ. ಆ ಚಿತ್ರವನ್ನು ಕಂಡ ಮೇಲೆ ನಾನು ಅದನ್ನು ಒಪ್ಪಲಾರೆ.

ಇನ್ನು ಮೌನವೂ ಉಂಟು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಜೀವನವಿಡೀ ಸುಮಾರು ಎಂಬತ್ತು ಸಲ ತನ್ನ ಮುಖವನ್ನು ಬಣ್ಣದಲ್ಲಿ, ಅಚ್ಚಿನಲ್ಲಿ, ರೇಖೆಯಲ್ಲಿ ಮಾಡಿದವನು. 1642ರಲ್ಲಿ ಹೆಂಡತಿ ಸಾಸ್ಕಿಯಾ ತೀರಿಕೊಂಡಳು, ಮಗು ಟೈಟಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ನೋವೇ ಸ್ವ-ಭಾವಚಿತ್ರದ ಇಂಧನವಾಗಿದ್ದರೆ ಅಲ್ಲಿಂದ ಅವು ಹೆಚ್ಚಬೇಕಿತ್ತು. ಆ ದಶಕದಲ್ಲಿ ಅವು ವಿರಳವಾಗುತ್ತ ಹೋದವು. 1652ರಲ್ಲಿ, ಸೊಂಟದ ಮೇಲೆ ಕೈಯಿಟ್ಟು ನೇರವಾಗಿ ನಿಂತ ದೊಡ್ಡ ಚಿತ್ರದೊಂದಿಗೆ ಮರಳಿ ಬಂದ. 1656ರಲ್ಲಿ ದಿವಾಳಿಯಾದ. ಎರಡು ವರ್ಷ ಕಳೆದು ಬರೆದ ಚಿತ್ರದಲ್ಲಿ ಚಿನ್ನದ ಬಣ್ಣದ ಉಡುಪು ತೊಟ್ಟು ಸಿಂಹಾಸನದಲ್ಲಿ ಕುಳಿತ ರಾಜನಂತೆ ಕುಳಿತಿದ್ದಾನೆ. ಸೋತವನ ಮುಖ ಸೋತಂತೆಯೇ ಕಾಣಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ನಿಮ್ಮ ಹಿರಿಯರು ಏನೋ ಒಂದನ್ನು ಸರಿಯಾಗಿಯೇ ಕಂಡಿದ್ದಾರೆ. ಈ ಹದಿನೇಳು ಚಿತ್ರಗಳು ನಿಜಕ್ಕೂ ನಿಮ್ಮ ಹಳೆಯ ಕೆಲಸಕ್ಕಿಂತ ಮಿಗಿಲಾಗಿರಬಹುದು. ಕಾರಣ ಮಾತ್ರ ತಪ್ಪಾಗಿ ಓದಿದ್ದಾರೆ. ಎಂಟು ತಿಂಗಳು ಒಂದೇ ವಸ್ತುವನ್ನು ಬಿಡದೆ ನೋಡಿದ್ದೀರಿ. ಬೇರೆ ಯಾವ ವಸ್ತುವಿಗೂ ಅಷ್ಟು ಗಂಟೆಗಳನ್ನು ಕೊಟ್ಟಿರಲಿಲ್ಲ. ಯಾರನ್ನೂ ಮೆಚ್ಚಿಸಲು ಬರೆಯಲಿಲ್ಲ. ನಿಮ್ಮ ಮುಖದ ಬಗ್ಗೆ ಇದ್ದ ಸಂಕೋಚ, ಸುಂದರವಾಗಿ ಕಾಣಬೇಕೆಂಬ ಹಟ ಕಳಚಿಬಿದ್ದಿದೆ. ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ: ಪೆಟ್ಟು ತಿಂದವರು ಕೆಲಕಾಲ ಸುಳ್ಳು ಗೆರೆ ಎಳೆಯಲು ಪುರುಸೊತ್ತಿಲ್ಲದವರಂತೆ ಬರೆಯುತ್ತಾರೆ. ಆ ಸತ್ಯವಂತಿಕೆ ಮನಸ್ಸು ಸರಿಹೋದರೂ ಉಳಿಯುತ್ತದೆ, ಅಭ್ಯಾಸ ತಪ್ಪದಿದ್ದರೆ.

ಕನ್ನಡಿಯ ಬಗ್ಗೆಯೂ ಸ್ವಲ್ಪ ಹೇಳಬೇಕು, ಯಾಕೆಂದರೆ ಸ್ವ-ಭಾವಚಿತ್ರದಲ್ಲಿ ಕಾಣುವ ದುಃಖದಲ್ಲಿ ಒಂದು ಪಾಲು ಕನ್ನಡಿಯದೇ. ಏಕಾಗ್ರತೆಯಿಂದ ತನ್ನ ಮುಖವನ್ನು ಅಳೆಯುತ್ತಿರುವ ಯಾರ ಹುಬ್ಬೂ ಬಿಗಿಯುತ್ತದೆ, ತುಟಿ ಮುಚ್ಚಿಕೊಳ್ಳುತ್ತದೆ, ನೋಟ ಚೂಪಾಗುತ್ತದೆ. ಸಂತೋಷದಲ್ಲಿರುವ ವಿದ್ಯಾರ್ಥಿಯನ್ನು ಕನ್ನಡಿಯ ಮುಂದೆ ಮೂರು ಗಂಟೆ ಕೂರಿಸಿದರೂ ಚಿತ್ರದಲ್ಲಿ ಬರುವುದು ಗಂಭೀರ ಮುಖವೇ. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನ್ನಿ ಕಪೂಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರನ್ನೇ ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿಯಲ್ಲಿ ತಮ್ಮ ಮುಖವನ್ನು ನೋಡಲು ಕೂರಿಸಿದ. ಹಲವರಿಗೆ ತಮ್ಮ ಮುಖ ವಿಕಾರವಾಗಿ, ಅಪರಿಚಿತರ ಮುಖವಾಗಿ, ಸತ್ತ ಬಂಧುವಿನ ಮುಖವಾಗಿ ಕಂಡಿತು. ಒಂದೇ ಕಡೆ ದಿಟ್ಟಿಸಿದಾಗ ಅಂಚಿನ ವಿವರಗಳು ಮಸುಕಾಗುತ್ತವೆ, ಅಳಿದುಹೋದ ಜಾಗವನ್ನು ಮಿದುಳು ತನಗೆ ತೋಚಿದ್ದರಿಂದ ತುಂಬುತ್ತದೆ. ನೀವು ಕೆರೆದದ್ದು ರಾತ್ರಿ ಎಂದಿದ್ದೀರಿ. ಎಷ್ಟು ಬೆಳಕಿತ್ತು? ಎಷ್ಟು ಹೊತ್ತಿನಿಂದ ಎದ್ದಿದ್ದಿರಿ? ಅಂದು ಕನ್ನಡಿಯಲ್ಲಿ ಕಂಡ ಮುಖದ ಮೇಲೆ ತೀರ್ಪು ಕೊಡುವ ಮುನ್ನ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಗಾದರೆ ಎದೆಯೊಡೆದ ನೋವು ಚಿತ್ರದಲ್ಲಿ ಏನನ್ನೂ ಮಾಡುವುದಿಲ್ಲವೇ? ಮಾಡುತ್ತದೆ. ಬಹಳ ಮಾಡುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಕೇಳುತ್ತದೆ. ನೋವು ಇದೆಯೋ ಇಲ್ಲವೋ ತಿಳಿಯಲು ಯಾರಿಗೂ ಕನ್ನಡಿ ಬೇಕಿಲ್ಲ. ಚಿತ್ರಕಾರ ಕನ್ನಡಿ ಎತ್ತಿಕೊಳ್ಳುವುದು ‘ಈ ನೋವು ಒಳಗಿಳಿದಿರುವ ಮನುಷ್ಯ ಈಗ ಹೇಗೆ ಕಾಣುತ್ತಾನೆ’ ಎಂಬ ಬೇರೆಯೇ ಪ್ರಶ್ನೆಗೆ. ಅದಕ್ಕೆ ಉತ್ತರ ಕಟ್ಟುವಾಗ ಅವನು ಬಳಸುವ ಸಾಮಗ್ರಿಯೆಲ್ಲ ನೋವಿಗಿಂತ ಹಳೆಯದು.

ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಲೋಳನ್ನೇ ನೋಡಿ. ಹದಿನೆಂಟನೆಯ ವಯಸ್ಸಿನಲ್ಲಿ, 1925ರ ಬಸ್ ಅಪಘಾತದಲ್ಲಿ ಬೆನ್ನು, ಸೊಂಟ, ಕಾಲು ಮುರಿದು ಹಾಸಿಗೆ ಹಿಡಿದವಳು. ಮಂಚದ ಮೇಲ್ಕಟ್ಟಿಗೆ ಕಟ್ಟಿದ ಕನ್ನಡಿಯಲ್ಲಿ ತನ್ನನ್ನು ನೋಡಿ ಬರೆಯಲು ಕಲಿತವಳು. 1929ರಲ್ಲಿ ಚಿತ್ರಕಾರ ಡಿಯೇಗೊ ರಿವೇರಾನನ್ನು ಮದುವೆಯಾದಳು. ಅವನು ಅವಳ ಸ್ವಂತ ತಂಗಿಯ ಜೊತೆಗೇ ಸಂಬಂಧ ಇಟ್ಟುಕೊಂಡ. 1939ರ ನವೆಂಬರಿನಲ್ಲಿ ವಿಚ್ಛೇದನವಾಯಿತು. ಆ ವರ್ಷವೇ ‘ಇಬ್ಬರು ಫ್ರಿಡಾ’ ಬರೆದಳು. ಸಾಮಾನ್ಯವಾಗಿ ಸಣ್ಣ ಅಳತೆಯಲ್ಲಿ ಬರೆಯುತ್ತಿದ್ದವಳು ಈ ಸಲ ಸುಮಾರು 173 ಸೆಂಟಿಮೀಟರ್ ಚೌಕದ ಕ್ಯಾನ್ವಾಸ್ ಹಿಡಿದಳು. ಒಂದೇ ಬೆಂಚಿನಲ್ಲಿ ಇಬ್ಬರು ಕುಳಿತಿದ್ದಾರೆ, ಕೈಗೆ ಕೈ ಕೊಟ್ಟಿದ್ದಾರೆ. ಒಬ್ಬಳು ಬಿಳಿಯ ಯುರೋಪಿಯನ್ ಉಡುಪಿನವಳು, ಅವಳ ಎದೆ ಬಗೆದಿದೆ. ಇನ್ನೊಬ್ಬಳು ಮೆಕ್ಸಿಕೋದ ತೆಹುವಾನಾ ಉಡುಪಿನವಳು, ಅವಳ ಹೃದಯ ಇಡಿಯಾಗಿದೆ, ಕೈಯಲ್ಲಿ ಬಾಲಕ ಡಿಯೇಗೊನ ಪುಟ್ಟ ಚಿತ್ರವಿದೆ. ಇಬ್ಬರನ್ನೂ ಒಂದೇ ರಕ್ತನಾಳ ಬೆಸೆದಿದೆ. ಬಿಳಿ ಉಡುಪಿನವಳು ಶಸ್ತ್ರಚಿಕಿತ್ಸೆಯ ಇಕ್ಕಳದಿಂದ ನಾಳದ ತುದಿಯನ್ನು ಒತ್ತಿ ಹಿಡಿದಿದ್ದಾಳೆ, ಆದರೂ ರಕ್ತ ಲಂಗದ ಮೇಲೆ ತೊಟ್ಟಿಕ್ಕುತ್ತಿದೆ.

ಈಗ ಇಬ್ಬರ ಮುಖಗಳನ್ನು ನೋಡಿ. ಅಳುವಿಲ್ಲ. ಎರಡೂ ಮುಖಗಳು ಶಾಂತ, ಬಿಗಿ, ನೇರ. ಸಂಕಟವನ್ನೆಲ್ಲ ಉಡುಪಿಗೆ, ನಾಳಕ್ಕೆ, ಇಕ್ಕಳಕ್ಕೆ, ಹಿಂದಿನ ಮೋಡಕ್ಕೆ ಹಂಚಿದ್ದಾಳೆ. ಇಕ್ಕಳ ಅವಳು ಆಸ್ಪತ್ರೆಗಳಲ್ಲಿ ಕಂಡದ್ದು. ಒಮ್ಮೆ ವೈದ್ಯಳಾಗಬೇಕೆಂದು ಓದುತ್ತಿದ್ದವಳು ಅವಳು, ಆ ಹೃದಯಗಳನ್ನು ಸೀಳಿ ತೋರಿಸಿರುವ ಬಗೆಯಲ್ಲಿ ಅದು ಕಾಣುತ್ತದೆ. ಇಬ್ಬರಾಗುವ ಕಲ್ಪನೆಯೋ ವಿಚ್ಛೇದನಕ್ಕಿಂತ ಎಷ್ಟೋ ಹಳೆಯದು: ಆರು ವರ್ಷದ ಹುಡುಗಿಯಾಗಿದ್ದಾಗ ತನಗಿದ್ದ ಕಾಲ್ಪನಿಕ ಗೆಳತಿಯ ನೆನಪೇ ಈ ಚಿತ್ರದ ಮೂಲ ಎಂದು ಅವಳೇ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ವಿಚ್ಛೇದನ ಅವಳಲ್ಲಿ ಮುಚ್ಚಿದ್ದ ಒಂದು ಉಗ್ರಾಣದ ಬಾಗಿಲನ್ನು ತೆರೆಯಿತು. ಒಳಗಿನ ಸರಕು ಮೊದಲೇ ಇತ್ತು.

ಮರುವರ್ಷ, 1940ರಲ್ಲಿ, ಕತ್ತರಿಸಿದ ಕೂದಲಿನ ಚಿತ್ರ. 40 ಸೆಂಟಿಮೀಟರ್ ಎತ್ತರ, 28 ಅಗಲ, ಅಷ್ಟೇ. ಗಂಡಸಿನ ದೊಗಳೆ ಸೂಟು ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದಾಳೆ, ಕೈಯಲ್ಲಿ ಕತ್ತರಿ. ಕತ್ತರಿಸಿದ ಜಡೆ, ಕೂದಲಿನ ಎಳೆಗಳು ನೆಲದ ತುಂಬ ಜೀವವಿದ್ದಂತೆ ಹರಿದಾಡುತ್ತಿವೆ. ಮೇಲೆ ಒಂದು ಹಾಡಿನ ಸಾಲು, ಅದರ ಸಾರಾಂಶ ಇಷ್ಟು: ನಿನ್ನನ್ನು ಪ್ರೀತಿಸಿದ್ದು ಕೂದಲಿಗಾಗಿ, ಈಗ ಕೂದಲಿಲ್ಲ, ಪ್ರೀತಿಯೂ ಇಲ್ಲ. ಅದೇ ಹೆಂಗಸು, ಅದೇ ವಿಚ್ಛೇದನ, ಎರಡು ಚಿತ್ರಗಳು, ಒಂದಕ್ಕೊಂದು ಹೋಲಿಕೆಯೇ ಇಲ್ಲ. ನಿಮ್ಮ ಹದಿನೇಳನ್ನು ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಜರ್ಮನಿಯ ಪೌಲಾ ಮೋಡರ್‌ಸೋನ್-ಬೆಕರ್ 1906ರ ಆರಂಭದಲ್ಲಿ ಗಂಡನನ್ನು ಬಿಟ್ಟು ಪ್ಯಾರಿಸಿಗೆ ಬಂದಳು. ಮೇ 25 ಅವರ ಐದನೆಯ ಮದುವೆ ವಾರ್ಷಿಕೋತ್ಸವ. ಆ ದಿನಾಂಕ ಹಾಕಿ, ಸೊಂಟದವರೆಗೆ ಬೆತ್ತಲಾಗಿ ನಿಂತ ತನ್ನನ್ನು ಬರೆದಳು. ತುಂಬಿದ ಹೊಟ್ಟೆಯ ಸುತ್ತ ಎರಡು ಕೈಗಳು. ಆಗ ಅವಳು ಗರ್ಭಿಣಿಯಲ್ಲ. ಕೆಳಗೆ ಹಾಕಿದ ಮೊದಲಕ್ಷರಗಳಲ್ಲಿ ಗಂಡನ ಮನೆತನದ ಹೆಸರು ಕಾಣೆಯಾಗಿದೆ. ಸ್ವ-ಭಾವಚಿತ್ರವೆಂದರೆ ನಡೆದದ್ದರ ವರದಿ ಎಂದುಕೊಂಡವರು ಈ ಚಿತ್ರದ ಮುಂದೆ ತಬ್ಬಿಬ್ಬಾಗುತ್ತಾರೆ. ಅವಳು ಬರೆದದ್ದು ಇನ್ನೂ ಆಗದ, ಆಗಬಹುದಾದ ತನ್ನನ್ನು. ಸಂಬಂಧ ಮುರಿದಾಗ ‘ನಾನು ಯಾರು’ ಎಂಬ ಪ್ರಶ್ನೆ ಬಯಲಿಗೆ ಬೀಳುತ್ತದೆ. ಅದಕ್ಕೆ ಹಿಂದಕ್ಕೆ ನೋಡಿಯೇ ಉತ್ತರಿಸಬೇಕೆಂದಿಲ್ಲ.

ಅಮೆರಿಕದ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ ಅವರದು ಇನ್ನೊಂದು ದಾರಿ. ಪ್ರಿಯಕರನಿಂದ ಪೆಟ್ಟು ತಿಂದ ಒಂದು ತಿಂಗಳ ನಂತರ, 1984ರಲ್ಲಿ, ಅವರು ತಮ್ಮ ಚಿತ್ರ ತೆಗೆಸಿಕೊಂಡರು. ತುಟಿಗೆ ಕೆಂಪು ಬಣ್ಣ, ಕಿವಿಗೆ ಓಲೆ, ಒಂದು ಕಣ್ಣಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಅವನ ಬಳಿಗೆ ಮರಳಿ ಹೋಗದಂತೆ ತನಗೆ ತಾನೇ ಇಟ್ಟುಕೊಂಡ ಸಾಕ್ಷಿ ಅದೆಂದು ಅವರು ಹೇಳಿದ್ದಾರೆ.

ನೋಡಿ, ನಾಲ್ಕಾರು ಮಂದಿ, ನಾಲ್ಕಾರು ಬಗೆ. ಒಬ್ಬಳಿಗೆ ಚಿತ್ರ ಪ್ರಶ್ನೆ, ಇನ್ನೊಬ್ಬಳಿಗೆ ಸಂಕಲ್ಪ, ಮತ್ತೊಬ್ಬರಿಗೆ ಸಾಕ್ಷಿ. ನಿಮ್ಮದು ಯಾವುದು?

ಗೆಳತಿಯರ ಮಾತಿಗೆ ಬರುತ್ತೇನೆ. ಅವರು ಹೆದರಿರುವುದರಲ್ಲಿ ಹುರುಳಿದೆ. ಒಂದೇ ನೋವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವುದು ಖಿನ್ನತೆಯನ್ನು ಉದ್ದ ಮಾಡುತ್ತದೆ ಎಂಬುದನ್ನು ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳ ಕೆಲಸದಲ್ಲಿ ತೋರಿಸಿದ್ದಾಳೆ. ಚಿತ್ರಕ್ಕೇ ಸಂಬಂಧಿಸಿದ ಅಧ್ಯಯನಗಳೂ ಇವೆ. ಜೆನ್ನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಜನರಿಗೆ ದುಃಖದ ಘಟನೆಯೊಂದನ್ನು ನೆನೆಯಲು ಹೇಳಿ, ಆಮೇಲೆ ಕೆಲವರಿಗೆ ಆ ದುಃಖವನ್ನೇ, ಕೆಲವರಿಗೆ ಬೇರೇನನ್ನಾದರೂ ಬಿಡಿಸಲು ಕೊಟ್ಟರು. ಆ ಹೊತ್ತಿಗೆ ಮನಸ್ಸು ಹೆಚ್ಚು ಹಗುರಾದದ್ದು ಬೇರೇನನ್ನೋ ಬಿಡಿಸಿದವರದು. ಇನ್ನೊಂದು ಕಡೆ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ವಿದ್ಯಾರ್ಥಿಗಳು ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ತಮ್ಮ ಕಹಿ ಅನುಭವವನ್ನು ಅಕ್ಷರದಲ್ಲಿ ಬರೆದರು. ಬರೆದ ದಿನ ಅವರು ಇನ್ನಷ್ಟು ಕುಗ್ಗಿದರು, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಎರಡನ್ನೂ ಸೇರಿಸಿ ಓದಿದರೆ ನನಗೆ ತೋರುವುದು ಇಷ್ಟು: ನೋವನ್ನು ಮುಟ್ಟಿ ಹೊರಬರುವುದು ಉಪಯೋಗಕ್ಕೆ ಬರುತ್ತದೆ, ಅಲ್ಲೇ ವಾಸ ಮಾಡುವುದು ಬರುವುದಿಲ್ಲ. ನಾಲ್ಕು ದಿನ, ಹದಿನೈದು ನಿಮಿಷ ಎಂಬುದನ್ನು ಗಮನಿಸಿ. ನೀವು ಎಂಟು ತಿಂಗಳಿಂದ ಕುಳಿತಿದ್ದೀರಿ.

ನೀವು ಮುಟ್ಟಿ ಬರುತ್ತಿದ್ದೀರೋ, ಅಲ್ಲೇ ವಾಸವಾಗಿದ್ದೀರೋ ತಿಳಿಯಲು ನಾನು ವಿದ್ಯಾರ್ಥಿಗಳಿಂದ ಮಾಡಿಸುವ ಕೆಲಸ ಒಂದಿದೆ. ಹದಿನೇಳು ಚಿತ್ರಗಳನ್ನೂ ದಿನಾಂಕದ ಕ್ರಮದಲ್ಲಿ ಗೋಡೆಗೆ ಒರಗಿಸಿ. ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ. ಕೊಠಡಿಯ ಈ ತುದಿಯಲ್ಲಿ ನಿಂತು ಮುಖಭಾವವನ್ನು ನೋಡದೆ ನಿರ್ಧಾರಗಳನ್ನು ಮಾತ್ರ ನೋಡಿ: ಮುಖ ಎಷ್ಟು ದೂರದಲ್ಲಿದೆ, ಕೋನ ಯಾವುದು, ಬೆಳಕು ಎತ್ತಲಿಂದ, ಹಿನ್ನೆಲೆ ಏನು, ಕೈಗಳು ಬಂದಿವೆಯೇ, ಬಣ್ಣದ ಹರವು ಬದಲಾಗಿದೆಯೇ. ಐದನೆಯದಕ್ಕೂ ಹದಿನೈದನೆಯದಕ್ಕೂ ನಡುವೆ ಇವುಗಳಲ್ಲಿ ಮೂರಾದರೂ ಬದಲಾಗಿದ್ದರೆ ನೀವು ಕೆಲಸ ಮಾಡುತ್ತಿದ್ದೀರಿ, ಗೆಳತಿಯರಿಗೆ ಧೈರ್ಯ ಹೇಳಿ. ಫ್ರಿಡಾಳ ಆ ಎರಡು ಚಿತ್ರಗಳನ್ನು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಎಲ್ಲವೂ ಒಂದೇ ಚಿತ್ರದ ಹದಿನೇಳು ಪ್ರತಿಗಳಂತೆ ಕಂಡರೆ, ಅದೇ ಅಳತೆ, ಅದೇ ಮುಕ್ಕಾಲು ನೋಟ, ಅದೇ ಕಂದು, ಆಗ ಗೆಳತಿಯರು ಸರಿ. ಒಬ್ಬ ಶಿಷ್ಯ ಹೀಗೆ ಸಾಲಾಗಿ ಇಟ್ಟು ನೋಡಿ, ಒಂಬತ್ತು ಚಿತ್ರಗಳಲ್ಲೂ ತಾನು ಕಣ್ಣನ್ನು ಕನ್ನಡಿಯಿಂದ ತಪ್ಪಿಸಿರುವುದನ್ನು ಮೊದಲ ಸಲ ಗಮನಿಸಿದ. ಹತ್ತನೆಯದು ಅಲ್ಲಿಂದಲೇ ಹುಟ್ಟಿತು.

ಮುಂದೇನು ಮಾಡಬಹುದು? ಹೀಗೆಯೇ ಮುಂದುವರಿಯಬಹುದು. ಅಪಾಯವೆಂದರೆ ಪಾತ್ರ ಅಂಟಿಕೊಳ್ಳುವುದು: ನೊಂದವಳಾಗಿ ಬರೆಯುತ್ತ ಬರೆಯುತ್ತ, ನೊಂದಿಲ್ಲದ ದಿನವೂ ಆ ಮುಖ ಹಾಕಿಕೊಂಡು ಕನ್ನಡಿಯ ಮುಂದೆ ಕೂರುವ ಅಭ್ಯಾಸ. ಪೂರ್ತಿ ನಿಲ್ಲಿಸಬಹುದು, ಆದರೆ ನಿಮ್ಮ ದಿನಕ್ಕೆ ಈಗ ಇರುವ ಏಕೈಕ ಚೌಕಟ್ಟು ಈ ಕೆಲಸವೇ ಎಂದು ಪತ್ರದ ಧಾಟಿಯಿಂದ ಅನ್ನಿಸುತ್ತದೆ, ಅದನ್ನು ಥಟ್ಟನೆ ಕಿತ್ತರೆ ಖಾಲಿ ಗಂಟೆಗಳು ನಿಮ್ಮನ್ನು ನುಂಗುತ್ತವೆ. ನಾನು ಸೂಚಿಸುವುದು ನಡುವಿನದನ್ನು. ವಾರದಲ್ಲಿ ಎರಡು ದಿನ, ಹಗಲಲ್ಲಿ, ಎರಡು ಗಂಟೆ ಕನ್ನಡಿ. ಉಳಿದ ದಿನ ನಿಮ್ಮ ಮುಖ ಬಿಟ್ಟು ಬೇರೆ. ಬೇರೆಯದಕ್ಕೆ ಕೈ ಓಡುವುದಿಲ್ಲ ಎಂದಿದ್ದೀರಲ್ಲ, ಓಡಬೇಕಿಲ್ಲ, ತೆವಳಿದರೂ ಸಾಕು. ನಿಮ್ಮದೇ ಎಡಗೈಯಿಂದ ಶುರುಮಾಡಿ, ಆಮೇಲೆ ಕುರ್ಚಿ, ಕಿಟಕಿ. ಕೆಟ್ಟ ಚಿತ್ರಗಳು ಬರುತ್ತವೆ, ಬರಲಿ. ಮುಖವನ್ನೇ ಬರೆಯುವಾಗಲೂ ಒಂದು ನಿರ್ಬಂಧ ಹಾಕಿಕೊಳ್ಳಿ: ಮೂರೇ ಬಣ್ಣ, ಅಥವಾ ಬೆನ್ನಿನ ಕಡೆಯಿಂದ ಎರಡು ಕನ್ನಡಿ ಇಟ್ಟು, ಅಥವಾ ನೆನಪಿನಿಂದ. ಶೆರ್ಫ್‌ಬೆಕ್ ತನ್ನ ಎಂಬತ್ತರ ಹರೆಯದಲ್ಲಿ, ಕೊನೆಯ ಎರಡು ವರ್ಷಗಳಲ್ಲಿ, ಸಾಲು ಸಾಲು ಸ್ವ-ಭಾವಚಿತ್ರಗಳನ್ನು ಬರೆದಳು. ಅವುಗಳಲ್ಲಿ ಮುಖ ಕರಗುತ್ತ ಕರಗುತ್ತ ಕೆಲವೇ ಗೆರೆ, ಒಂದು ತೆರೆದ ಬಾಯಿ, ಎರಡು ಕುಳಿಗಳಷ್ಟೇ ಉಳಿಯುತ್ತದೆ. ಆ ಹೊತ್ತಿಗೆ ರಾಯ್ಟರ್ ಅವಳ ಹಳೆಯ ಗೆಳೆಯ. ಸ್ನೇಹ ಕೊನೆಯವರೆಗೂ ಉಳಿಯಿತು. ಆ ಪ್ರೇಮಭಂಗದ ಬಲದಿಂದ ಬರೆದ ಚಿತ್ರಗಳಲ್ಲ ಅವು. ಅರವತ್ತು ವರ್ಷ ನೋಡುತ್ತ ಬಂದ ಕಣ್ಣಿನ ಬಲದವು.

ಇನ್ನು ಗ್ಯಾಲರಿ. ಪತ್ರಗಳನ್ನು ಸೇರಿಸುವುದು ಖಂಡಿತ ಬೇಡ. ಮೊದಲ ಕಾರಣ ಕಾನೂನಿನದು: ಪತ್ರದ ಕಾಗದ ನಿಮ್ಮದಿರಬಹುದು, ಅದರಲ್ಲಿನ ಬರಹದ ಹಕ್ಕು ಬಹುತೇಕ ಎಲ್ಲ ದೇಶಗಳಲ್ಲೂ ಬರೆದವರದೇ. ಅನುಮತಿಯಿಲ್ಲದೆ ಗೋಡೆಗೆ ಏರಿಸಿದರೆ ತೊಂದರೆಗೆ ಸಿಕ್ಕುವವರು ನೀವು. ಎರಡನೆಯದು ನನಗೆ ಇನ್ನೂ ಮುಖ್ಯ. ಪತ್ರ ಪಕ್ಕದಲ್ಲಿದ್ದರೆ ಜನ ಪತ್ರ ಓದುತ್ತಾರೆ, ಚಿತ್ರವನ್ನು ಅದರ ದೃಷ್ಟಾಂತವಾಗಿ ನೋಡಿ ಮುಂದೆ ಹೋಗುತ್ತಾರೆ. ನಿಮ್ಮ ಎಂಟು ತಿಂಗಳ ಕೆಲಸ ಇನ್ನೊಬ್ಬರ ಕೈಬರಹಕ್ಕೆ ಅಡಿಟಿಪ್ಪಣಿಯಾಗುತ್ತದೆ.

ಚಿತ್ರಗಳನ್ನು ಮಾತ್ರ ತೋರಿಸುವುದಾದರೂ ಅವಸರ ಬೇಡ ಎನ್ನುತ್ತೇನೆ. ನೋವಿಗೆ ಮಾರುಕಟ್ಟೆ ಇದೆ. ಫ್ರಿಡಾ ಕಣ್ಣೀರಿಡುತ್ತ, ಹಣೆಯ ಮೇಲೆ ಡಿಯೇಗೊನ ಮುಖ ಹೊತ್ತಿರುವ 1949ರ ಚಿತ್ರ 2021ರಲ್ಲಿ 3.49 ಕೋಟಿ ಡಾಲರಿಗೆ ಹರಾಜಾಯಿತು. ಗ್ಯಾಲರಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕಥೆ ಇರುವ ಚಿತ್ರ ಸುಲಭವಾಗಿ ಮಾರಾಟವಾಗುತ್ತದೆ, ಅವರಿಗೆ ಅದು ಗೊತ್ತು. ಆದರೆ ಉದ್ಘಾಟನೆಯ ಸಂಜೆ ನಲವತ್ತು ಜನ ನಿಮ್ಮನ್ನು ‘ಏನಾಯಿತು’ ಎಂದು ಕೇಳುತ್ತಾರೆ, ನಲವತ್ತು ಸಲ ಹೇಳಬೇಕು. ಮಾರಿದ ಚಿತ್ರ ಮರಳಿ ಬರುವುದಿಲ್ಲ. ‘ಪ್ರೇಮಭಂಗದ ಕಲಾವಿದೆ’ ಎಂಬ ಚೀಟಿ ಒಮ್ಮೆ ಅಂಟಿದರೆ ಮುಂದಿನ ಹತ್ತು ವರ್ಷ ನೀವು ಸೇಬು ಬರೆದರೂ ಅದರಲ್ಲಿ ಅವರು ಒಡೆದ ಹೃದಯವನ್ನೇ ಹುಡುಕುತ್ತಾರೆ. ಬೇರೆಯಾಗಿ ಒಂದು ವರ್ಷ ತುಂಬುವವರೆಗೆ ಕಾಯಿರಿ. ನಿಜವಾದ ಆಸಕ್ತಿಯಿರುವ ಗ್ಯಾಲರಿ ನಾಲ್ಕು ತಿಂಗಳು ಕಾಯುತ್ತದೆ. ಆಗಲೂ ಹದಿನೇಳನ್ನೂ ಕೊಡಬೇಡಿ, ಆರೇಳು ಆರಿಸಿ, ಮೂರನ್ನಂತೂ ಮಾರಾಟಕ್ಕಿಲ್ಲ ಎಂದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಈಗಲೇ ಹಣದ ತುರ್ತಿದ್ದರೆ ಮಾತು ಬೇರೆ. ಅಂಥ ತುರ್ತಿನಲ್ಲಿ ಒಂದೆರಡನ್ನು ಮಾರುವುದರಲ್ಲಿ ಅವಮಾನವೇನೂ ಇಲ್ಲ.

ಕೊನೆಗೆ ಹದಿನೇಳನೆಯದು. ಅದನ್ನು ಎಸೆಯಬೇಡಿ, ಈಗಲೇ ಸರಿಪಡಿಸಲೂ ಹೋಗಬೇಡಿ. ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿ ಗುಸ್ತಾವ್ ಕೂರ್ಬೆಯ ‘ಗಾಯಗೊಂಡ ಮನುಷ್ಯ’ ಎಂಬ ಚಿತ್ರವಿದೆ. ಮರಕ್ಕೆ ಒರಗಿ, ಕಣ್ಣು ಮುಚ್ಚಿ, ಅಂಗಿಯ ಮೇಲೆ ರಕ್ತದ ಕಲೆಯೊಂದಿಗೆ ಮಲಗಿದ ಕೂರ್ಬೆ, ಪಕ್ಕದಲ್ಲಿ ಕತ್ತಿ. ಎಕ್ಸ್-ರೇ ಹಿಡಿದು ನೋಡಿದಾಗ ಕೆಳಗಿನ ಪದರದಲ್ಲಿ ಅವನ ಭುಜಕ್ಕೆ ತಲೆಯಿಟ್ಟ ಹೆಂಗಸೊಬ್ಬಳು ಕಂಡಳು. 1844ರ ಸುಮಾರಿಗೆ ಬರೆದದ್ದು ಪ್ರೇಮಿಗಳ ಮಧ್ಯಾಹ್ನದ ನಿದ್ದೆ. ವರ್ಷಗಳ ನಂತರ ಅವಳು ಅವರ ಮಗನನ್ನು ಕರೆದುಕೊಂಡು ಹೊರಟುಹೋದಳು. 1854ರ ಹೊತ್ತಿಗೆ ಕೂರ್ಬೆ ಅವಳನ್ನು ಅಳಿಸಿ, ಅವಳಿದ್ದ ಕಡೆ ಕತ್ತಿಯನ್ನು, ತನ್ನ ಎದೆಯ ಮೇಲೆ ರಕ್ತದ ಕಲೆಯನ್ನು ಬರೆದ. ಪ್ರೇಮದಲ್ಲಿ ಕಣ್ಣು ಮುಚ್ಚಿದ್ದ ಮುಖವೇ ಸಾಯುವವನ ಮುಖವಾಯಿತು. ಆ ಚಿತ್ರವನ್ನು ಅವನು ಬದುಕಿರುವವರೆಗೂ ಮಾರಲಿಲ್ಲ.

ಹತ್ತು ವರ್ಷ ಅದು ಅವನ ಬಳಿ ಕಾದಿತ್ತು. ನಿಮ್ಮದು ಆರು ತಿಂಗಳಾದರೂ ಕಾಯಲಿ. ಹಿಂಬದಿಯಲ್ಲಿ ದಿನಾಂಕ ಬರೆದು, ಆ ರಾತ್ರಿಯ ಬಗ್ಗೆ ಒಂದೆರಡು ಸಾಲು ಬರೆದು, ಗೋಡೆಗೆ ಮುಖ ಮಾಡಿ ಇಡಿ. ಆರು ತಿಂಗಳ ನಂತರ ಬೆಳಗಿನ ಬೆಳಕಿನಲ್ಲಿ ತಿರುಗಿಸಿ ನೋಡಿ. ಕೆರೆದ ಜಾಗ ಹಾಗೆಯೇ ಇರಲಿ ಅನ್ನಿಸಬಹುದು, ಅದರ ಮೇಲೆ ಬರೆಯಲು ಏನಾದರೂ ಹೊಳೆಯಬಹುದು. ಅಷ್ಟರವರೆಗೆ ಹದಿನೆಂಟನೆಯದಕ್ಕೆ ಕಿಟಕಿಯ ಬಳಿ ಜಾಗ ಮಾಡಿಕೊಳ್ಳಿ, ಕನ್ನಡಿಯನ್ನು ಈಗಿರುವುದಕ್ಕಿಂತ ಎರಡು ಅಡಿ ದೂರ ಸರಿಸಿ, ಭುಜಗಳೂ ಕೈಗಳೂ ಅದರಲ್ಲಿ ಕಾಣುವಷ್ಟು.